ಬೋರ್ಡಿನಲ್ಲಿ ಎರಡು ಸಲ ಇದ್ದ ನನ್ನ ಓರಗಿತ್ತಿ

ನನ್ನ ಓರಗಿತ್ತಿಯ ಬಲಗೈ ಕಿರುಬೆರಳು ನೆಟ್ಟಗಿರಲಿಲ್ಲ. ನಡುಗೆಣ್ಣಿನಿಂದ ಹೊರಕ್ಕೆ ಬಾಗಿ, ಉಳಿದ ಬೆರಳುಗಳ ಸಹವಾಸವೇ ಬೇಡ ಅನ್ನುವ ಹಾಗೆ ದೂರ ನಿಂತಿತ್ತು. ಯಾವುದೋ ಮ್ಯಾಚಿನಲ್ಲಿ ಬಾಲ್ ಹಿಡಿಯಲು ಹೋಗಿ ಮುರಿದುಕೊಂಡಿದ್ದು. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಂಡು ಅವತ್ತೇ ಮತ್ತೆ ಆಡಿದಳು, ಅದು ಹಾಗೇ ಸೊಟ್ಟಗೆ ಕೂಡಿಕೊಂಡಿತು. ಅಕ್ಕಿ ರೊಟ್ಟಿ ತಟ್ಟಿದರೆ ಅಂಚಿನಲ್ಲಿ ಆ ಬೆರಳಿನ ಗುರುತು ಬೀಳುತ್ತಿತ್ತು. ಮನೆಯ ಮಕ್ಕಳೆಲ್ಲ, ನಾನು ಹೆತ್ತವೂ ಸೇರಿ, ಆ ಗುರುತಿರುವ ರೊಟ್ಟಿಯನ್ನೇ ಹುಡುಕಿ ತಟ್ಟೆಗೆ ಹಾಕಿಕೊಳ್ಳುತ್ತಿದ್ದವು. ನಾನು ತಟ್ಟಿದ್ದು ದುಂಡಗೆ, ತೆಳ್ಳಗೆ, ಲಕ್ಷಣವಾಗಿ ಕೂತು ಆರಿಹೋಗುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹತ್ತೊಂಬತ್ತನೇ ವಯಸ್ಸಿನಿಂದ ಇತ್ತು, ಹೋದ ವರ್ಷ ಅವಳು ತೀರಿಕೊಂಡ ಮೇಲೂ ಪೂರ್ತಿ ಹೋಗಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆಡೋಣ. ಅವಳ ಬಗ್ಗೆ ಒಳ್ಳೆಯ ಮಾತಿಗೇನೂ ಬರವಿಲ್ಲ, ನನ್ನ ತೊಂದರೆಯೇ ಅದು.

ಓರಗಿತ್ತಿಯರಾಗುವ ಮೊದಲು ನಾವಿಬ್ಬರೂ ಒಂದು ದೊಡ್ಡ ಕಚೇರಿಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆವು. ಆಡುವುದಕ್ಕೆಂದೇ ಕೆಲಸ ಕೊಟ್ಟು, ಆಡುವುದಕ್ಕೆಂದೇ ಸಂಬಳ ಕೊಡುತ್ತಿದ್ದ ಕಾಲ. ಬೆಳಿಗ್ಗೆ ಜಯನಗರದಲ್ಲಿದ್ದ ಕಚೇರಿ ಕ್ಲಬ್ಬಿನ ಸಿಮೆಂಟ್ ಕೋರ್ಟಿನಲ್ಲಿ ಪ್ರಾಕ್ಟೀಸು, ಮಧ್ಯಾಹ್ನ ಕಾಗದಗಳಿಗೆ ಮೊಹರು ಹೊಡೆಯುವುದು, ಸಂಜೆ ಮತ್ತೆ ಕೋರ್ಟು. ನಾನು ಸಿದ್ದಾಪುರದಿಂದ ನಡೆದು ಎಲ್ಲರಿಗಿಂತ ಮೊದಲು ಬರುತ್ತಿದ್ದೆ. ಇಪ್ಪತ್ತು ಸುತ್ತು ಓಡಿ, ನೂರು ಸಲ ಎಸೆದು ಬೆವರು ಒರೆಸಿಕೊಳ್ಳುವ ಹೊತ್ತಿಗೆ ಇವಳು ಒದ್ದೆ ಜಡೆ ಬೀಸಿಕೊಂಡು, ಬಾಯಲ್ಲಿ ಇನ್ನೂ ಇಡ್ಲಿ ಅಗಿಯುತ್ತಾ ಬರುತ್ತಿದ್ದಳು. ಬಂದವಳೇ ಮೊದಲ ಎಸೆತ. ರಿಂಗಿಗೂ ತಾಗದೆ ಬಾಲ್ ಬಲೆಯೊಳಗೆ ಇಳಿಯುತ್ತಿತ್ತು. "ಅಯ್ಯೋ, ಬಿತ್ತಲ್ಲೇ!" ಎಂದು ತಾನೇ ಆಶ್ಚರ್ಯಪಡುತ್ತಿದ್ದಳು. ಅದು ನಾಟಕವಾಗಿದ್ದಿದ್ದರೆ ನಾನು ಆರಾಮಾಗಿ ದ್ವೇಷ ಮಾಡಬಹುದಿತ್ತು. ನಾಟಕವಲ್ಲ, ನಿಜವಾಗಿಯೂ ಆಶ್ಚರ್ಯ!

ಮ್ಯಾಚಿನ ಮಧ್ಯೆ ನಾನು ಆಗಾಗ ಸ್ಕೋರ್ ಬೋರ್ಡಿನ ಕಡೆ ಕಣ್ಣು ಹಾಯಿಸುತ್ತಿದ್ದೆ. ತಂಡ ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ನೋಡಲಿಕ್ಕಲ್ಲ, ಅದರಲ್ಲಿ ಅವಳದೆಷ್ಟು ನನ್ನದೆಷ್ಟು ಎಂದು ಒಳಗೊಳಗೇ ಕೂಡಿಸಿಕೊಳ್ಳಲಿಕ್ಕೆ. ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಪಕ್ಕದಲ್ಲಿ ಓಡುತ್ತಲೇ, "ಬೋರ್ಡ್ ನೋಡ್ಬೇಡ ಕಣೇ, ರಿಂಗ್ ನೋಡೇ" ಎಂದು ತನ್ನ ಕೈಯಲ್ಲಿದ್ದ ಬಾಲನ್ನು ನನಗೆ ಕೊಡುತ್ತಿದ್ದಳು. ನನ್ನ ಅರ್ಧ ಪಾಯಿಂಟುಗಳು ಬಂದದ್ದು ಹಾಗೆ. ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮೊದಲು ಮದುವೆಯಾದದ್ದು ಅವಳು, ಬನಶಂಕರಿಯ ಒಂದು ಮನೆಗೆ. ಅಲ್ಲಿಯವರೆಗೆ ಅವಳ ಇನಿಷಿಯಲ್ ಎಚ್.ಎಸ್., ಅಂದರೆ ಊರು ಮತ್ತು ಅಪ್ಪನ ಹೆಸರು. ಮದುವೆಯಾಗಿ ತಿಂಗಳಿಗೆ ಗಂಡನ ಹೆಸರಿನ ಆರ್. ಆಯಿತು. ಅತ್ತೆ ಅಂದರು, ಇವಳು ಹೂಂ ಅಂದಳು, ಕಚೇರಿಯ ರೆಕಾರ್ಡಿನಲ್ಲೂ ಬದಲಾಯಿಸಿಕೊಂಡಳು. ಆಮೇಲಿನ ಮೊದಲ ಮ್ಯಾಚಿನಲ್ಲಿ ಸ್ಕೋರ್ ಬರೆಯುವ ಗುಮಾಸ್ತರು ಪಟ್ಟಿ ನೋಡಿ "ಆರ್." ಸೇರಿಸಿ ಅವಳ ಹೆಸರು ಕೂಗಿದರೆ, ಇವಳು ಯಾರದು ಎಂದು ಹಿಂದೆ ತಿರುಗಿ ನೋಡಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವತ್ತು ಅವಳು ಫ್ರೀ ಥ್ರೋ ಎರಡಕ್ಕೆ ಎರಡೂ ತಪ್ಪಿಸಿದಳು. ಯಾರೂ ಅಡ್ಡ ಬಾರದೆ ಒಬ್ಬಳೇ ನಿಂತು ಎಸೆಯುವ ಎಸೆತ ಅದು, ಅವಳು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದದ್ದು. ಯಾಕೆ ತಪ್ಪಿತು ಎಂದು ನಾನು ಕೇಳಲಿಲ್ಲ. ನನಗೆ ಖುಷಿಯಾಗಿತ್ತು.

ಎರಡು ವರ್ಷಕ್ಕೆ ಅವಳ ಮೈದುನನಿಗೇ ನನ್ನನ್ನು ತಂದುಕೊಂಡರು. ಹುಡುಗಿ ತೋರಿಸಿದವಳು ಅವಳೇ. ಕೋರ್ಟಿನಲ್ಲಿ ನನ್ನ ಮುಂದೆ ಓಡಿದ್ದು ಸಾಲದು ಅಂತ ಮನೆಗೂ ಕರೆದುಕೊಂಡು ಬಂದಳು ನೋಡಿ! ಗೃಹಪ್ರವೇಶದ ದಿನವೇ ಅತ್ತೆ, "ಇನ್ಮೇಲೆ ಹೆಸರು ಹಿಡಿದು ಕರೀಬಾರದಮ್ಮ, ಅಕ್ಕ ಅನ್ಬೇಕು" ಅಂದರು. ಬೆಳಿಗ್ಗೆ ಕೋರ್ಟಿನಲ್ಲಿ "ಹೋಗೇ, ಬಾರೇ", ಸಂಜೆ ಅತ್ತೆಯ ಎದುರು "ಅಕ್ಕ, ಕಾಫಿ ತಗೊಳ್ಳಿ". ಕಾಫಿ ಲೋಟ ತೆಗೆದುಕೊಳ್ಳುವಾಗ ಅವಳು ಆ ಸೊಟ್ಟ ಬೆರಳನ್ನು ಮಹಾರಾಣಿಯಂತೆ ಎತ್ತಿ ಹಿಡಿದು ಕಣ್ಣು ಮಿಟುಕಿಸುತ್ತಿದ್ದಳು. ಲೋಟ ತಲೆಯ ಮೇಲೆ ಸುರಿಯಬೇಕು ಅನ್ನಿಸುತ್ತಿತ್ತು. ನಗುವೂ ಬರುತ್ತಿತ್ತು, ಅದು ಇನ್ನೊಂದು ಸಿಟ್ಟು.

ಇನಿಷಿಯಲ್ಲಿನ ಸರದಿ ನನಗೂ ಬಂತು. ನಾನು ಒಪ್ಪಲಿಲ್ಲ. ದೊಡ್ಡ ತತ್ವವೇನೂ ಇರಲಿಲ್ಲ. ಅವಳು ಮಾಡಿದ್ದನ್ನು ನಾನು ಮಾಡಬಾರದು, ಅಷ್ಟೇ. ಅತ್ತೆ ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿದರು. ನಾಲ್ಕನೇ ದಿನ ಹೀರೇಕಾಯಿ ಹೆರೆಯುತ್ತಾ, "ದೊಡ್ಡವಳು ಬಾಯಿ ಮುಚ್ಕೊಂಡು ಬದಲಾಯಿಸ್ಕೊಂಡ್ಲು. ನಿನಗೇನು ಕೊಂಬು ಬಂದಿದ್ಯಾ?" ಎಂದು ಕೇಳಿಯೇಬಿಟ್ಟರು. ನನ್ನ ಗಂಡ ಪೇಪರಿನ ಹಿಂದೆ ಮಾಯವಾದರು.

ಅವಳು ಸಿಪ್ಪೆಯನ್ನು ಉಂಡೆ ಮಾಡಿ, ಕೂತಲ್ಲಿಂದಲೇ ಬಾಗಿಲ ಬಳಿಯ ಕಸದ ಬುಟ್ಟಿಗೆ ಎಸೆಯುತ್ತಿದ್ದಳು. ಒಂದೂ ಹೊರಗೆ ಬೀಳುತ್ತಿರಲಿಲ್ಲ. ಎಸೆತ ನಿಲ್ಲಿಸದೆಯೇ ಹೇಳಿದಳು: "ನಾನು ಬದಲಾಯಿಸ್ಕೊಂಡಿದ್ದು ಸಾಕು ಬಿಡಿ ಅತ್ತೆ. ಆ ಹೆಸರಲ್ಲೇ ಅವಳು ಇಷ್ಟೊಂದು ಪಾಯಿಂಟ್ ಹಾಕಿದ್ದಾಳೆ, ಈಗ್ಯಾಕೆ ಕೆಡಿಸೋದು? ಅವಳದು ಹಾಗೇ ಇರ್ಲಿ."

ದೊಡ್ಡ ಸೊಸೆಯ ಮಾತೆಂದರೆ ಅತ್ತೆಗೆ ವೇದ. ಅಲ್ಲಿಗೆ ಆ ವಿಷಯ ಮುಗಿಯಿತು. ನನ್ನ ತವರಿನ ಎಂ.ಕೆ. ಉಳಿಯಿತು, ರಿಟೈರಾಗುವವರೆಗೂ, ಇವತ್ತಿಗೂ. ನಾನು ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನನ್ನ ಜಗಳವನ್ನೂ ಇವಳೇ ಗೆದ್ದಳಲ್ಲಾ ಎಂದು ಕುದಿಯುತ್ತಾ ಹೀರೇಕಾಯಿ ಹೆಚ್ಚಿದೆ.

ಆಮೇಲೆ ಇಬ್ಬರೂ ಕೆಲವು ವರ್ಷ ಆಡಿದೆವು, ನಿಲ್ಲಿಸಿದೆವು, ಮಕ್ಕಳನ್ನು ಬೆಳೆಸಿದೆವು. ಕೆಳಗಿನ ಮನೆ ನಮ್ಮದು, ಮೇಲಿನದು ಅವರದು. ಸ್ಕೋರ್ ಬರೆಯುತ್ತಿದ್ದ ಗುಮಾಸ್ತರು ಹೋದರು, ಕಚೇರಿಯಲ್ಲಿ ನಮ್ಮನ್ನು ಬಲ್ಲವರೂ ಕಡಿಮೆಯಾದರು. ಕೆಲವು ವರ್ಷಗಳ ಹಿಂದೆ ತಂಡಕ್ಕೆ ಐವತ್ತು ತುಂಬಿತೆಂದು ಕ್ಲಬ್ಬಿನವರು ಸಮಾರಂಭ ಇಟ್ಟುಕೊಂಡರು. ತಂಡ ಹುಟ್ಟಿದಾಗಿನಿಂದ ಅತಿ ಹೆಚ್ಚು ಪಾಯಿಂಟ್ ಗಳಿಸಿದ ಹತ್ತು ಮಂದಿಯ ಹೆಸರನ್ನು ಬೋರ್ಡ್ ಮಾಡಿಸಿ ಗೋಡೆಗೆ ಹಾಕುವುದೆಂದು ನಿರ್ಧಾರವಾಯಿತು. ಈಗಿನ ಕ್ರೀಡಾ ಕಾರ್ಯದರ್ಶಿ ಟ್ರಂಕಿನಲ್ಲಿದ್ದ ಹಳೆಯ ಸ್ಕೋರ್ ಪುಸ್ತಕಗಳನ್ನೆಲ್ಲ ತೆಗೆದು ಕೂಡಿಸಿ, ಪಟ್ಟಿ ಹಿಡಿದು ನಮ್ಮ ಮನೆಗೆ ಬಂದರು. "ನಿಮ್ಮ ಕಾಲದವರು ಯಾರಾದ್ರೂ ಒಂದ್ಸಲ ನೋಡಿ ಸೈನ್ ಹಾಕಿಕೊಟ್ರೆ ಧೈರ್ಯ ಮೇಡಂ" ಅಂದರು.

ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲನೇ ಹೆಸರು ನನ್ನದು!

ಅವಳೆಲ್ಲಿ ಎಂದು ಕೆಳಗೆ ಹುಡುಕಿದೆ. ಮೂರನೆಯದು ಎಚ್.ಎಸ್. ಸೇರಿಸಿ ಅವಳ ಹೆಸರು. ಆರನೆಯದು ಆರ್. ಸೇರಿಸಿ ಅದೇ ಹೆಸರು. ಮದುವೆಗೆ ಮುಂಚಿನ ಪಾಯಿಂಟುಗಳು ಒಬ್ಬಳ ಪಾಲಿಗೆ, ಮದುವೆಯ ನಂತರದವು ಇನ್ನೊಬ್ಬಳ ಪಾಲಿಗೆ ಹೋಗಿದ್ದವು. ಎರಡನ್ನೂ ಮನಸ್ಸಿನಲ್ಲಿ ಕೂಡಿಸಿದೆ. ನನಗಿಂತ ನಲವತ್ತೊಂದು ಹೆಚ್ಚು. ಅಷ್ಟೂ ವರ್ಷದ ಆಟದಲ್ಲಿ ಎರಡು ಮ್ಯಾಚಿನ ಮಾತು.

"ಒಂದೇ ಹೆಸರಿನವರು ಇಬ್ಬರಿದ್ರಾ ಮೇಡಂ ಟೀಮಲ್ಲಿ?" ಎಂದು ಕಾರ್ಯದರ್ಶಿ ಕೇಳಿದರು.

ತಾರಸಿಯ ಮೇಲೆ ಅವಳು ಸಂಡಿಗೆ ಇಡುತ್ತಿದ್ದಳು. ಕಾಗೆ ಓಡಿಸುವ ಅವಳ ದನಿ ನನಗೆ ಕೇಳಿಸುತ್ತಿತ್ತು. ಒಂದು ಸಲ ಕೂಗಿದ್ದರೆ ಇಳಿದು ಬರುತ್ತಿದ್ದಳು.

"ಆ ಕಾಲದಲ್ಲಿ ಆ ಹೆಸರು ಬೀದಿಗೆ ನಾಲ್ಕು ಇರ್ತಿತ್ತಪ್ಪ" ಅಂದೆ. ಸೈನ್ ಹಾಕಿದೆ. ಕಾಫಿ ಕೊಟ್ಟು ಕಳಿಸಿದೆ.

ಸಮಾರಂಭಕ್ಕೆ ಇಬ್ಬರೂ ಒಂದೇ ಆಟೋದಲ್ಲಿ ಹೋದೆವು. ನನ್ನ ರೇಷ್ಮೆ ಸೀರೆಯ ನೆರಿಗೆ ಸರಿ ಮಾಡಿಕೊಟ್ಟವಳು ಅವಳೇ. ಮೈಕಿನಲ್ಲಿ ಕಾರ್ಯದರ್ಶಿ, ಪಟ್ಟಿಯನ್ನು ಪರಿಶೀಲಿಸಿ ಕೊಟ್ಟವರು ನಮ್ಮ ಅಗ್ರ ಆಟಗಾರ್ತಿಯೇ ಎಂದು ನನ್ನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ಪರದೆ ಸರಿಯಿತು. ಜನ ಅರ್ಧಂಬರ್ಧ ನೋಡಿ ಊಟದ ಸಾಲಿಗೆ ಹೋದರು. ಅವಳು ಮಾತ್ರ ಬ್ಯಾಗಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ಓದಿದಳು. ನಾನು ಅವಳ ಹಿಂದೆ ನಿಂತಿದ್ದೆ.

ಮೂರನೇ ಸಾಲಿನ ಮೇಲೆ ಆ ಸೊಟ್ಟ ಬೆರಳಿಟ್ಟಳು. ಆಮೇಲೆ ಆರನೆಯದರ ಮೇಲೆ. ತಿರುಗಿ ನನ್ನ ಮುಖ ನೋಡಿದಳು.

"ನೋಡೇ, ನಾನು ಎರಡು ಸಲ ಇದ್ದೀನಿ. ನೀನು ಒಂದೇ ಸಲ."

ಎಂದು ನಕ್ಕುಬಿಟ್ಟಳು. ನನ್ನ ಮೊಣಕೈ ಹಿಡಿದು, "ಬಾ, ಒಬ್ಬಟ್ಟು ಖಾಲಿ ಆಗಿಬಿಡುತ್ತೆ" ಎಂದು ಊಟಕ್ಕೆ ಎಳೆದುಕೊಂಡು ಹೋದಳು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅತ್ತಿದ್ದರೆ ಕಾಲಿಗೆ ಬೀಳುತ್ತಿದ್ದೆನೇನೋ. ನನಗೂ ಅಂಥ ನಗು ಬರಬಾರದಿತ್ತೇ ಎಂದು ಒಬ್ಬಟ್ಟು ಮುಟ್ಟದೆ ಕೂತೆ. ಅವಳು ಎರಡು ತಿಂದಳು. ನನ್ನದನ್ನೂ ತಿಂದಳು.

ಮತ್ತೆ ಆ ಮಾತು ಎತ್ತಲಿಲ್ಲ. ಒಂದು ದಿನವೂ, ಒಂದು ಚುಚ್ಚು ಮಾತೂ ಇಲ್ಲ. ನಾನು ಕಾದೆ. ಪ್ರತಿ ಹಬ್ಬಕ್ಕೂ, ಮನೆ ಪೇಂಟ್ ಮಾಡಿಸುವಾಗ ಆದ ಪ್ರತಿ ಸಣ್ಣ ಜಗಳಕ್ಕೂ, ಈಗ ಅಂತಾಳೆ ಎಂದು ಕಾದೆ. ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಎಷ್ಟೋ ಸಲ ಮಹಡಿ ಮೆಟ್ಟಿಲು ಅರ್ಧ ಹತ್ತಿ, ಸಾರಿನ ಪುಡಿ ಕೇಳುವ ನೆಪ ಮಾಡಿ ಇಳಿದು ಬಂದಿದ್ದೇನೆ. ಹಾಗೆ ತಂದ ಸಾರಿನ ಪುಡಿ ನಮ್ಮ ಮನೆಯಲ್ಲಿ ಮೂರು ಡಬ್ಬಿ ತುಂಬಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಯಾರಿಗೂ ತೊಂದರೆ ಕೊಡಲಿಲ್ಲ ಪುಣ್ಯಾತ್ಗಿತ್ತಿ ಎಂದು ಬಂದವರೆಲ್ಲ ಹೇಳಿದರು. ಸಾವಿನಲ್ಲೂ ನನಗಿಂತ ಮುಂದೆ! ಸೀರೆ ಉಡಿಸುವಾಗ ಆ ಕೈಯನ್ನು ಮಡಿಸಲು ಹೋದೆ. ನಾಲ್ಕು ಬೆರಳು ಮಡಚಿಕೊಂಡವು, ಕಿರುಬೆರಳು ಹೊರಗೇ ನಿಂತಿತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಕ್ಲಬ್ಬಿಗೆ ಹೋದೆ. ಕಾರ್ಯದರ್ಶಿ ಎದ್ದು ಕುರ್ಚಿ ಕೊಟ್ಟರು.

"ಆ ಬೋರ್ಡ್ ತಪ್ಪಾಗಿದೆಯಪ್ಪ. ಮೂರನೆಯವಳೂ ಆರನೆಯವಳೂ ಒಬ್ಬಳೇ. ಕೂಡಿಸಿದ್ರೆ ಅವಳೇ ಮೊದಲು."

"ಸೈನ್ ಹಾಕುವಾಗ ನಿಮಗೆ ಗೊತ್ತಾಗಲಿಲ್ವಾ ಮೇಡಂ?"

"ಗೊತ್ತಾಗಿತ್ತು."

"ಮತ್ತೆ?"

"ಹೊಟ್ಟೆಕಿಚ್ಚು ಕಣಪ್ಪ. ಇನ್ನೇನು?"

ಪಾಪ, ಆತ ಫ್ಯಾನಿನ ಕಡೆ ನೋಡಿದರು. ಆಮೇಲೆ ಕಾಗದ, ಪೆನ್ನು ತೆಗೆದುಕೊಂಡು ಕೇಳಿದರು: "ಹಾಗಾದ್ರೆ ಒಂದೇ ಸಾಲು ಮಾಡಿಸ್ತೀನಿ. ಇನಿಷಿಯಲ್ ಯಾವುದು ಹಾಕೋದು ಮೇಡಂ? ಎಚ್.ಎಸ್. ಅಂತಲಾ, ಆರ್. ಅಂತಲಾ?"

ಒಂದೇ ಕೋರ್ಟಿನಲ್ಲಿ ಓಡಿ, ಒಂದೇ ಅಡುಗೆಮನೆಯಲ್ಲಿ ಬೆಂದು, ಒಂದೇ ಸೂರಿನಡಿ ಮುದುಕಿಯಾದರೂ, ನಿನಗೆ ಯಾವುದಿಷ್ಟವಿತ್ತೇ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಆರ್. ಎಂದು ಕೂಗಿದಾಗ ಅವಳು ಯಾರದು ಎಂದು ತಿರುಗಿ ನೋಡಿದ್ದು ನೆನಪಾಯಿತು. ನಾನು ನಕ್ಕಿದ್ದೂ.

"ಎರಡೂ ಹಾಕಿದ್ರೆ ಎಚ್‌ಎಸ್‌ಆರ್ ಲೇಔಟ್ ಆಗಿಬಿಡುತ್ತೆ" ಎಂದ ಆತ ತಕ್ಷಣ ನಾಲಿಗೆ ಕಚ್ಚಿಕೊಂಡರು. ಅವಳಿದ್ದಿದ್ದರೆ ಬಡಾವಣೆಯ ಹೆಸರಿನ ಆ ಜೋಕನ್ನು ಆತನಿಗಿಂತ ಮೊದಲು ಅವಳೇ ಹೊಡೆಯುತ್ತಿದ್ದಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಯಾವುದೂ ಬೇಡಪ್ಪ. ಬರೀ ಹೆಸರು ಹಾಕಿ" ಅಂದೆ.

ಹೊಸ ಬೋರ್ಡ್ ಹಾಕಿ ಒಂದು ತಿಂಗಳಾಯಿತು. ಮೊದಲನೇ ಸಾಲಿನಲ್ಲಿ ಅವಳ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ. ಎರಡನೆಯದರಲ್ಲಿ ನಾನು, ಅವಳು ನನಗೆ ಉಳಿಸಿಕೊಟ್ಟ ಎಂ.ಕೆ. ಸಮೇತ. ನೋಡಿ ಬರೋಣ ಎಂದು ಮೊನ್ನೆ ಹೋಗಿದ್ದೆ. ಇನಿಷಿಯಲ್ ಇಲ್ಲದ ಆ ಬರೀ ಹೆಸರು ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎಂದರೆ, ನೋಡುತ್ತಾ ನಿಂತ ನನಗೆ ಮತ್ತೆ ಹೊಟ್ಟೆ ಉರಿಯಿತು. ಥತ್, ನನ್ನದೂ ಹಾಗೇ ಬರೆಸಬೇಕಿತ್ತು.