ನಲವತ್ತೊಂದು ದಿನದ ಸ್ವಾಮಿ

ನನ್ನ ಕುಡಿತ ಬಿಡಿಸಲು ಅಮ್ಮ ಸತತ ಮೂರು ವರ್ಷ ನನಗೆ ಅಯ್ಯಪ್ಪನ ಮಾಲೆ ಹಾಕಿಸಿದಳು. ನಮ್ಮ ಲಕ್ಕೂರಿನ ಕಡೆ ಕುಡುಕರಿಗೆಲ್ಲ ಇದೇ ಮದ್ದು. ಮಾಲೆ ಕೊರಳಿಗೆ ಬಿತ್ತೆಂದರೆ ನಲವತ್ತೊಂದು ದಿನ ಯಾರೂ ಗ್ಲಾಸು ಮುಟ್ಟುವುದಿಲ್ಲ. ನಾನೂ ಮುಟ್ಟಲಿಲ್ಲ.

ಆಗ ಸಿಕ್ಕ ಮರ್ಯಾದೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿನ್ನೆಯವರೆಗೆ ‘ಲೇ’ ಎನ್ನುತ್ತಿದ್ದವರು ‘ಸ್ವಾಮಿ’ ಎಂದು ಕಾಲಿಗೆ ಬೀಳುತ್ತಿದ್ದರು. ಅಮ್ಮನೂ ಬೀಳುತ್ತಿದ್ದಳು. ಒಳಗೆ ಮಾತ್ರ ನಾನು ಅದೇ ಮನುಷ್ಯ. ನಿದ್ದೆ ಇಲ್ಲ, ಕಾರಣವಿಲ್ಲದೆ ಎದೆ ಡವಡವ. ಮಾಲೂರಿನ ಕಾರ್ಖಾನೆಯಲ್ಲಿ ಮೆಷಿನ್ ಮುಂದೆ ನಿಂತಲ್ಲೇ ಅಳು ಬರುತ್ತಿತ್ತು. ಕೋಲಾರಕ್ಕೆ ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆ ಎಂದೆ.

“ಮಾಲೆ ಹಾಕ್ಕೊಂಡು ಹುಚ್ಚರ ಡಾಕ್ಟ್ರ ಹತ್ರ ಹೋಗ್ತೀರಾ ಸ್ವಾಮಿ? ನೋಡ್ದೋರು ಏನಂತಾರೆ?” ಎಂದಳು ಅಮ್ಮ. ಮರ್ಯಾದೆ ಕೊಟ್ಟೇ ನನ್ನ ಬಾಯಿ ಮುಚ್ಚಿಸಿದಳು.

ಮೂರನೇ ವರ್ಷ ಶಬರಿಮಲೆಯಿಂದ ಬಂದಾಗ ಅಮ್ಮ ಮಾಲೆ ತೆಗೆಯಲು ಕೈ ಚಾಚಿದಳು. ಇನ್ನಷ್ಟು ದಿನ ಇರಲಿ ಎಂದು ಬೇಡಿಕೊಂಡೆ. ನನಗೆ ಭಯವಾಗಿತ್ತು. “ವ್ರತ ಮುಗೀತಲ್ಲೋ” ಎಂದು ತೆಗೆದೇಬಿಟ್ಟಳು. ಒಲೆಯ ಮೇಲೆ ಆಗಲೇ ಮಟನ್ ಬೇಯುತ್ತಿತ್ತು. ಮಾಲೆ ತೆಗೆದ ದಿನ ಬಾಡೂಟ ಮಾಡುವುದೂ ನಮ್ಮಲ್ಲಿ ಪದ್ಧತಿಯೇ. ಮುಳಬಾಗಿಲಿನಿಂದ ಬಂದಿದ್ದ ಭಾವ ಬಾಟಲಿ ತೆಗೆದ. “ಇಷ್ಟು ದಿನ ಬಿಟ್ಟಿದ್ದೀಯ ಕಣೋ, ಒಂದು ಪೆಗ್ಗು ಪರ್ವಾಲೇದು” ಎಂದು ಸುರಿದ. ಅಮ್ಮ ಕಡಲೆಬೀಜ ಹುರಿದು ತಂದಿಟ್ಟಳು.

ವಾರದೊಳಗೆ ಚರಂಡಿ ಪಕ್ಕ ಬಿದ್ದಿದ್ದೆ. ನಾಯಿ ಬಾಲ ಡೊಂಕೇ ಎಂದಿತು ಊರು. ಭಾವನೂ ಹಾಗೇ ಅಂದನಂತೆ.

ಆಮೇಲೆ ಯಾರಿಗೂ ಹೇಳದೆ ಕೋಲಾರದ ಬಸ್ಸು ಹತ್ತಿದೆ. ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ, ಮಾತ್ರೆ ನುಂಗುತ್ತೇನೆ, ಡಾಕ್ಟರು ಕೇಳಿದ್ದಕ್ಕೆ ನಿಜ ಹೇಳುತ್ತೇನೆ. ಮೊದಮೊದಲು ಎರಡು ಸಲ ಜಾರಿದೆ, ಅದನ್ನೂ ಹೇಳಿದೆ. ಬೈಯಲಿಲ್ಲ. ಈಗ ಹತ್ತು ತಿಂಗಳಿಂದ ಮುಟ್ಟಿಲ್ಲ.

ಈ ಕಾರ್ತಿಕದಲ್ಲಿ ಅಮ್ಮ ಮತ್ತೆ ಮಾಲೆ ತಂದಳು. ಬೇಡಮ್ಮ, ಮಾಲೆಯಿಲ್ಲದೆಯೇ ಬಿಟ್ಟಿದ್ದೇನೆ ಎಂದೆ.

“ಮಾಲೆ ಇಲ್ದೆ ಯಾರು ನಂಬ್ತಾರ್ಲಾ?”

“ನೀನು ನಂಬ್ತೀಯಾ?” ಎಂದು ಕೇಳಿದೆ. ಮಾಲೆಯನ್ನು ದೇವರ ಗೂಡಿನ ಮೊಳೆಗೆ ತಗುಲಿಹಾಕಿ ಒಳಗೆ ಹೋದಳು.

ಕುಡಿಯದ ಸ್ವಾಮಿಯ ಕಾಲಿಗೆ ಬೀಳುತ್ತಿದ್ದವಳು, ಕುಡಿಯದ ಮಗ ಕೆಲಸ ಮುಗಿಸಿ ಬಂದರೆ ದಿನಾ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಾಳೆ.