ಜ್ವರ ಬಂದ ಗಾಡಿ

ಕುವೈಸ್ನಾ ಊರಿನ ನಾಲೆಯ ತೂಬು ಕಾಯುತ್ತ ಮೂವತ್ತೊಂದು ವರ್ಷ ಕಳೆದ ಬಯ್ಯೂಮಿ ಮಾತಿನ ಮನುಷ್ಯನಲ್ಲ. ಚಕ್ರ ಎಷ್ಟು ಸುತ್ತು ತಿರುಗಿಸಿದರೆ ಯಾರ ಹೊಲಕ್ಕೆ ಎಷ್ಟು ನೀರು ಎಂಬುದು ಅವನ ಅಂಗೈಗೆ ಗೊತ್ತಿತ್ತು. ಬಾಯಿಗೆ ಗೊತ್ತಿದ್ದದ್ದು ಸಲಾಮು ಮತ್ತು "ಆಗ್ಲಿ", ಎರಡೇ. ಉಳಿದ ಮಾತನ್ನೆಲ್ಲ ಹೆಂಡತಿ ತಹಿಯ್ಯಾ ಆಡುತ್ತಿದ್ದಳು, ಅವನ ಪಾಲಿನದನ್ನೂ ಸೇರಿಸಿ. ಅವಳು ತೀರಿಕೊಂಡಾಗ ಇವನು ಅಳಲಿಲ್ಲ. "ಒಂದು ಹನಿ ಹಾಕ್ಲಿಲ್ಲ ನೋಡೇ, ಕಲ್ಲು ಕಲ್ಲು" ಎಂದರು ನಮ್ಮ ಬೀದಿಯ ಹೆಂಗಸರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಅವನೂ ಅಳಲು ನೋಡಿದ್ದ, ಪಾಪ. ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮನುಷ್ಯನಿಗೇ ಹಿಡಿದಿತ್ತು.

ಆದದ್ದು ಇಷ್ಟು. ಜುಲೈ ತಿಂಗಳ ಬಿಸಿಲು. ತಹಿಯ್ಯಾಳಿಗೆ ಮೂರು ದಿನದಿಂದ ಸುಡುವ ಜ್ವರ. ಶಿಬೀನಿನಲ್ಲಿ ಗಂಡನ ಮನೆಯಲ್ಲಿದ್ದ ಮಗಳು ಅಫಾಫ್ ಓಡಿ ಬಂದಳು. ಇಬ್ಬರೂ ಸೇರಿ ತಹಿಯ್ಯಾಳನ್ನು ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂತಾದ ಆಸ್ಪತ್ರೆಗೆ ಹೊರಟರು. ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ್ದ ಎರಡು ಬಾಟಲಿ ನೀರನ್ನು ಅಫಾಫ್ ಜೊತೆಗೆ ತಂದಿದ್ದಳು. ಅದು ಕರಗಿದ ಹಾಗೆಲ್ಲ ಬಟ್ಟೆ ಅದ್ದಿ ತಾಯಿಯ ಹಣೆಗೆ ಹಾಕುತ್ತಿದ್ದಳು.

ದಾರಿಯಲ್ಲಿ ಸಿಗುವ ಬಿರ್ಕತ್ ಅಸ್ಸಬಾ ದಾಟುವ ಮೊದಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು, ಮುಂದಿನಿಂದ ಹಬೆ ಎದ್ದಿತು. ಬಯ್ಯೂಮಿ ಗಾಡಿಯನ್ನು ರಸ್ತೆಯ ಪಕ್ಕದ ತಗ್ಗಿಗೆ ಇಳಿಸಿ ನಿಲ್ಲಿಸಿ, "ಗಾಡಿಗೆ ಜ್ವರ ಬಂತು, ಸ್ವಲ್ಪ ಆರ್ಲಿ" ಎಂದು ಹೇಳಿ, ಬೇರೆ ವಾಹನಕ್ಕೆ ಕೈ ಅಡ್ಡ ಹಾಕಲು ರಸ್ತೆಯ ಮೇಲಕ್ಕೆ ಹೋದ. ಮನುಷ್ಯನಿಗೆ ಜ್ವರ ಬಂದರೂ ಎಂಜಿನ್ ಕಾದರೂ ನಮ್ಮಲ್ಲಿ ಮಾತು ಒಂದೇ. ಅರ್ಧ ಗಂಟೆ ಯಾರೂ ನಿಲ್ಲಿಸಲಿಲ್ಲ. ತಿರುಗಿ ಬಂದು ಬೀಗದ ಕೈ ತಿರುಗಿಸಿದರೆ ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಆಮೇಲೆ ಟೊಮೇಟೊ ಸಾಗಿಸುವ ಪಿಕಪ್ ಒಂದು ಸಿಕ್ಕಿತು. ತಂತಾ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ತಹಿಯ್ಯಾ ಹೋಗಿಬಿಟ್ಟಳು.

ಮೂರನೆಯ ದಿನ, ದುಃಖ ಹಂಚಿಕೊಳ್ಳಲು ಬಂದವರೆಲ್ಲ ಸೂತಕದ ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಕೂತಿದ್ದಾಗ, ಅಫಾಫ್ ಅಪ್ಪನ ಎದುರು ಬಂದು ನಿಂತಳು.

"ಆ ಗುಜರಿ ಯಾಕೆ ನಿಂತೋಯ್ತು ಬಾಬಾ? ಬಿಚ್ಚಿ ನೋಡಿ ಹೇಳು. ಅದು ಗೊತ್ತಾಗೋ ತನಕ ನಿನ್ ಜೊತೆ ನಂಗೆ ಮಾತಿಲ್ಲ."

"ಆಗ್ಲಿ" ಎಂದ ಬಯ್ಯೂಮಿ.

ಆದರೆ ಮೂವತ್ತೈದು ದಿನ ಅವನು ಗಾಡಿಯನ್ನು ಮುಟ್ಟಲಿಲ್ಲ. ಮನೆ ಮುಂದಿನ ಹಿಪ್ಪುನೇರಳೆ ಮರದ ಕೆಳಗೆ ಅದು ಧೂಳು ತಿನ್ನುತ್ತ ನಿಂತಿತ್ತು. ಸಾವಿನ ನಲವತ್ತನೆಯ ದಿನದ ಕಾರ್ಯಕ್ಕೆ ಮಗಳು ಬರುತ್ತಾಳೆ ಎಂಬುದು ನೆನಪಾದಾಗ ಸ್ಪ್ಯಾನರುಗಳನ್ನು ಗೋಣಿಯ ಮೇಲೆ ಹರಡಿಕೊಂಡು ಕೂತ. ನೀರು ಇಳಿಸಿದ, ಕೊಳವೆಗಳನ್ನು ಕಳಚಿದ, ಹತ್ತು ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಸಡಿಲಿಸಿ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ ಎತ್ತಿ ತೆಗೆದ. ನಾವು ಅದನ್ನು ಸಿಲಿಂಡರಿನ ಮುಖ ಎನ್ನುತ್ತೇವೆ, ಸೊಟ್ಟಗಾದದ್ದನ್ನು ಯಂತ್ರದಲ್ಲಿ ಸಮ ಮಾಡಿಸುವುದಕ್ಕೆ ಮುಖ ಒರೆಸುವುದು ಎನ್ನುತ್ತೇವೆ. ಅದನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ಲೇತಿನ ದಸೂಕಿಯ ಅಂಗಡಿಗೆ ಒಯ್ದ.

ದಸೂಕಿಗೆ ಕೆಲಸಕ್ಕಿಂತ ನಾಲಿಗೆ ಚುರುಕು. "ಏನ್ ಹಾಜಿ, ಯಾರ ಮುಖ ಒರೆಸಬೇಕು, ಇದರದ್ದೋ ನಿಮ್ಮದೋ? ನಿಮ್ಮದೇ ಜಾಸ್ತಿ ಸೊಟ್ಟಗಾಗಿದೆ!" ಎಂದು ನಕ್ಕ. ಹೆಡ್ಡನ್ನು ಬೆಳಕಿಗೆ ಹಿಡಿದವನು ನಗು ನಿಲ್ಲಿಸಿದ. "ಇದನ್ನ ಒರೆಸಿ ಪ್ರಯೋಜನ ಇಲ್ಲ. ನೋಡಿ, ಎರಡು ವಾಲ್ವಿನ ಮಧ್ಯೆ ಸೀಳಿದೆ. ಹಳೇ ಬಿರುಕಾದ್ರೆ ಒಳಗೆ ಮಸಿ ಕೂತಿರುತ್ತೆ. ಇದು ಬೆಳ್ಳಗಿದೆ, ಒಂದೇ ಏಟಿಗೆ ಆಗಿದ್ದು. ಕಾದು ಕೆಂಪಾದ ಎಂಜಿನ್ನಿಗೆ ಯಾವನೋ ಕತ್ತೆ ತಣ್ಣೀರು ಸುರಿದಿದ್ದಾನೆ. ಸುಮ್ನೆ ಬಿಟ್ಟಿದ್ರೆ ಅರ್ಧ ಗಂಟೇಲಿ ಆರಿ, ಹೆಂಗೋ ತಂತಾ ಮುಟ್ಟಿಸ್ತಿತ್ತು."

ಬಯ್ಯೂಮಿ ನೀರು ಸುರಿದಿರಲಿಲ್ಲ. ಅವನು ರಸ್ತೆಯ ಮೇಲಿದ್ದ. ತಿರುಗಿ ಬಂದಾಗ ಕಂಡದ್ದೆಲ್ಲ ಈಗ ಒಂದೊಂದಾಗಿ ನೆನಪಾಯಿತು: ತೆರೆದ ಬಾನೆಟ್ಟು, ಖಾಲಿ ಬಾಟಲಿ, ಅಫಾಫಳ ಮುಂಗೈ ಮೇಲೆ ಹಬೆಯ ಬೊಬ್ಬೆ. ಜ್ವರ ಎಂದವನು ಇವನೇ. ಜ್ವರಕ್ಕೆ ಏನು ಮಾಡಬೇಕೋ ಅದನ್ನು ಅವಳು ಮಾಡಿದ್ದಳು.

"ಯಾವ ಕತ್ತೆ ಹಾಜಿ ಅದು?"

"ನಾನೇ" ಎಂದ ಬಯ್ಯೂಮಿ. ಗುಜರಿ ಪೇಟೆಗೆ ಹೋಗಿ ಬೇರೆ ಹೆಡ್ ಹುಡುಕಿ ತಂದ. ಎದೆಯಲ್ಲಿ ಆಗಲೂ ಏನೂ ಅಲುಗಲಿಲ್ಲ.

ನಲವತ್ತರ ದಿನ ಅಫಾಫ್ ಬಂದು, ಗೋರಿಯ ಬಳಿ ರೊಟ್ಟಿ ಖರ್ಜೂರ ಹಂಚಿ, ರಾತ್ರಿ ತಾಯಿಯ ಕೋಣೆಯಲ್ಲಿ ಮಲಗಿದಳು. ಮರುದಿನ ಬೆಳಿಗ್ಗೆ ಬಯ್ಯೂಮಿ ಹೊಸ ಗ್ಯಾಸ್ಕೆಟ್ ಹಾಸಿ, ಹೆಡ್ ಕೂರಿಸಿ, ನಡುವಿನಿಂದ ಹೊರಕ್ಕೆ ಬೋಲ್ಟು ಬಿಗಿಯುತ್ತಿದ್ದ. ಮೊದಲ ಸುತ್ತು ಹಗುರ, ಎರಡನೆಯದು ಇನ್ನಷ್ಟು, ಮೂರನೆಯದು ಪೂರಾ. ಮೂರನೆಯ ಸುತ್ತಿನಲ್ಲಿರುವಾಗ ಅವಳು ಮೆಟ್ಟಿಲ ಮೇಲೆ ಬಂದು ನಿಂತಳು.

"ಗೊತ್ತಾಯ್ತಾ?"

"ಆಯ್ತು."

"ಏನಂತೆ?"

ಬಯ್ಯೂಮಿ ತಲೆಯೆತ್ತಲಿಲ್ಲ. "ಹಳೇ ಬಿರುಕು. ಒಳಗೆಲ್ಲ ಮಸಿ ಕೂತಿತ್ತು. ವರ್ಷದಿಂದ ನೀರು ಕಮ್ಮಿ ಆಗ್ತಾನೇ ಇತ್ತು, ಅಸಡ್ಡೆ ಮಾಡ್ದೆ. ನಿನ್ನಮ್ಮ ಹೇಳ್ತಾನೇ ಇದ್ಲು, ತೋರಿಸ್ರೀ, ತೋರಿಸ್ರೀ ಅಂತ."

ಅವಳು ಒಂದು ಮೆಟ್ಟಿಲು ಇಳಿದಳು. ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದಿದ್ದಳು. ದನಿ ಸಣ್ಣಗಾಗಿತ್ತು.

"ಮತ್ತೆ... ನಾನು ನೀರು ಹುಯ್ದಿದ್ದೆ ಬಾಬಾ. ನೀನು ಮೇಲೆ ಹೋದಾಗ. ಅದರಿಂದೇನಾದ್ರೂ?"

ಆಗ ತಿಳಿಯಿತು ಅವನಿಗೆ. ಇದು ನಲವತ್ತು ದಿನದ ಸಿಟ್ಟಲ್ಲ, ನಲವತ್ತು ದಿನದ ಭಯ.

"ಹುಚ್ಚಿ" ಎಂದ. "ನೀರಿಂದ ಕಬ್ಬಿಣಕ್ಕೇನಾಗುತ್ತೆ? ಮೂವತ್ತೊಂದು ವರ್ಷ ನೀರಲ್ಲೇ ಕಬ್ಬಿಣ ತಿರುಗಿಸಿದೋನು ನಾನು, ನಂಗೇ ಹೇಳ್ತೀಯಾ?"

ಎಲ್ಲ ಸೇರಿಸಿದರೆ ಜೀವಮಾನದಲ್ಲೇ ಅವನು ಒಮ್ಮೆಗೆ ಆಡಿದ ಅತಿ ಉದ್ದದ ಮಾತು ಅದು, ಮತ್ತು ಆ ಮೂವತ್ತೊಂದು ವರ್ಷವೊಂದನ್ನು ಬಿಟ್ಟರೆ ಪೂರ್ತಿ ಸುಳ್ಳು.

ಅಫಾಫ್ ಮೆಟ್ಟಿಲ ಮೇಲೆ ಕುಸಿದು ಅತ್ತಳು, ಬೀದಿಯ ಕಿಟಕಿಗಳೆಲ್ಲ ತೆರೆಯುವ ಹಾಗೆ ಅತ್ತಳು. ಭಯ ಇಳಿಯಿತು, ಅದು ಖಾಲಿ ಮಾಡಿದ ಜಾಗಕ್ಕೆ ಸಿಟ್ಟು ಬಂದು ತುಂಬಿತು. "ಗೊತ್ತಿದ್ದೂ ಸುಮ್ನಿದ್ಯಾ? ಅಮ್ಮ ಬಾಯಿ ಬಿಟ್ಟು ಹೇಳಿದ್ರೂ ಸುಮ್ನಿದ್ಯಾ? ನೀನೇ ಕೊಂದೆ ಬಾಬಾ ಅವಳನ್ನ, ನೀನೇ! ನಿನ್ನ ಮುಖ ನೋಡಲ್ಲ ನಾನು, ಇನ್ನು ಈ ಜನ್ಮದಲ್ಲಿ ನೋಡಲ್ಲ!"

ಚೀಲ ಎತ್ತಿಕೊಂಡು ಮೈಕ್ರೋಬಸ್ಸಿನ ಕಡೆಗೆ ನಡೆದಳು. ಹೆಜ್ಜೆ ಬಿರುಸಾಗಿತ್ತು, ಬೆನ್ನು ನೆಟ್ಟಗಿತ್ತು.

ಬಯ್ಯೂಮಿ ಹತ್ತನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಅದು ಜಾರಿತು, ಮತ್ತೆ ಹಾಕಿದ, ಮತ್ತೆ ಜಾರಿತು. ಮಗಳನ್ನು ಉಳಿಸಿದೆನೆಂಬ ಸಮಾಧಾನ ಸಿಕ್ಕಿತು ಎಂದು ಹೇಳಿದರೆ ಕತೆ ಕಟ್ಟಿದ ಹಾಗಾಗುತ್ತದೆ. ನೋವಾಯಿತು, ಅಷ್ಟೇ. ನಲವತ್ತೊಂದು ದಿನದಲ್ಲಿ ಮೊದಲ ಸಲ, ಮರದ ಬೊಡ್ಡೆಗೆ ಒರಗಿ ಕೂರಬೇಕಾಗುವಷ್ಟು ನೋವಾಯಿತು.