ಕುಂಬಳಕಾಯಿಗೆ ಮೊದಲ ಏಟು

ಮಕ್ಕಳೇ, ಕಳೆದ ಭಾನುವಾರ ನಿಮ್ಮಪ್ಪ ತಂದ ಆ ಹಳದಿ ಕಾಯಿಯ ಸಿಪ್ಪೆಯ ವಾಸನೆ ಇನ್ನೂ ಅಡುಗೆಮನೆಯ ಮೂಲೆಯಲ್ಲಿದೆ. ನಿಮಗೆ ಅದು ಬರೀ ತರಕಾರಿಯ ವಾಸನೆ. ನನಗೆ ಹಸಿ ಕುಂಬಳಕಾಯಿಯ ವಾಸನೆ ಮೂಗಿಗೆ ಬಂದರೆ ಅಲ್ಲಿ ಕೂರಲಾಗುವುದಿಲ್ಲ. ಅವತ್ತು ನೀವೆಲ್ಲ ನಗುತ್ತಿದ್ದಾಗ ನಾನು ಎದ್ದು ಹಿತ್ತಲಿಗೆ ಹೋದದ್ದನ್ನು ಚಂದನ ನೋಡಿದಳು. ಯಾಕಜ್ಜಿ ಎಂದು ಹಿಂದೆಯೇ ಬಂದು ಕೇಳಿದಳು. ಬಟ್ಟೆ ಒಣಗಿದೆಯೋ ನೋಡಲು ಎಂದೆ. ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ.

ಬಾಯಿಬಿಟ್ಟು ಹೇಳುವುದು ನನ್ನಿಂದ ಯಾವತ್ತೂ ಆಗಿಲ್ಲ. ಉಮ್ಮತ್ತೂರಿನ ಬಸ್ಸಿನಲ್ಲಿ ನಮ್ಮೂರ ತಿರುವು ಬಂದಾಗ ನಿಲ್ಲಿಸಿ ಎನ್ನಲು ನಾಚಿಕೆಯಾಗಿ, ಮುಂದಿನ ಊರಿನಲ್ಲಿ ಯಾರೋ ಇಳಿಯುವಾಗ ಅವರ ಬೆನ್ನಿಗೇ ಇಳಿದು, ತಲೆಯ ಮೇಲೆ ಹಿಂಡಿ ಚೀಲ ಹೊತ್ತು ವಾಪಸು ನಡೆದು ಬಂದವಳು ನಾನು. ಕಂಡಕ್ಟರು ಏನಂದುಕೊಂಡಾನು ಎಂಬ ಯೋಚನೆ. ಪಾಪ, ಅವನಿಗೆ ನನ್ನ ಮುಖವೂ ನೆನಪಿರುತ್ತಿರಲಿಲ್ಲ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ಬರೆಯುವಾಗ ಯಾರೂ ಮುಖ ನೋಡುತ್ತಾ ಎದುರಿಗೆ ಕೂತಿರುವುದಿಲ್ಲವಲ್ಲ, ಅದೇ ನನಗೆ ಧೈರ್ಯ.

ಆ ಕಾಯಿಗೆ ಸ್ಪಗೆಟಿ ಸ್ಕ್ವಾಷ್ ಎಂದು ಹೆಸರಂತೆ. ಗುಂಡ್ಲುಪೇಟೆಯಲ್ಲಿ ನಿಮ್ಮಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಅಲ್ಲೇ ಕಾಡಂಚಿನ ಮದ್ದೂರಿನ ಕಡೆ ಇರುವ ತಮ್ಮ ಹೊಲದಲ್ಲಿ ರೆಸಾರ್ಟಿನವರಿಗೆಂದು ಬೆಳೆಯುತ್ತಾರಂತೆ. ಬೇಯಿಸಿ ಕೆರೆದರೆ ಒಳಗಿನ ತಿರುಳು ಶಾವಿಗೆಯ ಹಾಗೆ ಎಳೆಎಳೆಯಾಗಿ ಬರುತ್ತದೆ ಎಂದು ಹೇಳಿ ಒಂದು ಕಾಯಿ ಕೊಟ್ಟಿದ್ದರು. ನೋಡಲು ಹಣ್ಣಾದ ಸಾಂಬಾರ್ ಸೌತೆಯೇ. ನಿಮ್ಮಮ್ಮ ಸೌತೆ ಎಂದುಕೊಂಡೇ ಅದರ ಮೇಲೆ ಚಾಕು ಇಟ್ಟಳು. ಅಷ್ಟರಲ್ಲಿ ಮನು ಮೊಬೈಲಿನಲ್ಲಿ ಹುಡುಕಿ, ಇದು ಕುಂಬಳಕಾಯಿ ಜಾತಿಯದು ಎಂದು ಓದಿದ. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ನಿಮ್ಮಮ್ಮ ಕೈ ಹಿಂದಕ್ಕೆ ತೆಗೆದಳು. ಸೌತೆಯಾಗಿದ್ದರೆ ಯಾರದ್ದೂ ತಕರಾರಿರಲಿಲ್ಲ. ಜಾತಿ ಗೊತ್ತಾದ ಮೇಲೆ ತೊಂದರೆ ಶುರುವಾಯಿತು.

"ಮನು, ಬಾ ಇಲ್ಲಿ. ನೀನೊಂದು ಏಟು ಹಾಕ್ಬುಡು, ಆಮೇಲೆ ನಾನು ಕುಯ್ಕೋತೀನಿ" ಎಂದು ಕರೆದಳು.

ಕಾಯಿಯನ್ನು ತೊಳೆದು ಒರೆಸಿ ಇಟ್ಟಿದ್ದವಳು ಚಂದನ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ, "ನಾನ್ಯಾಕೆ ಬೇಡ?" ಎಂದಳು.

"ಹೆಂಗಸ್ರು ಇಡೀ ಕುಂಬಳಕಾಯಿ ಕುಯ್ಯಲ್ಲ. ಅಷ್ಟೇ."

ಮನು ಹೊಡೆದ ಚಾಕು ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಕೀಳಲು ಅವನು ಕುಣಿದ ಕುಣಿತಕ್ಕೆ ಎಲ್ಲರೂ ನಕ್ಕಿರಿ. ನಾನು ಹಿತ್ತಲಿಗೆ ಹೋದದ್ದು ಆಗಲೇ.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸು ಹಾಕಬೇಕು. ಹೋಳಾದ ಮೇಲೆ ಹೆಂಗಸರು ಎಷ್ಟು ಬೇಕಾದರೂ ಹೆಚ್ಚಬಹುದು. ಗಂಡಸು ಎಂದರೆ ದೊಡ್ಡವನೇ ಆಗಬೇಕೆಂದಿಲ್ಲ. ತೊಟ್ಟಿಲಿನಿಂದ ಇಳಿದ ಗಂಡುಕೂಸಾದರೂ ಸರಿ, ಕೈಹಿಡಿದು ಮಚ್ಚಿಗೆ ತಾಗಿಸಿದರೆ ಆಯಿತು. ಹೆಂಗಸೇ ಒಡೆದರೆ ಅವಳ ಚೊಚ್ಚಲ ಮಗುವಿಗೆ ಕೇಡು. ಇದನ್ನು ನನಗೆ ಹೇಳಿದ್ದು ನಮ್ಮವ್ವ, ನಮ್ಮವ್ವನಿಗೆ ಅವರವ್ವ. ಯಾರೂ ಪರೀಕ್ಷೆ ಮಾಡಿ ನೋಡಿದವರಲ್ಲ. ಯಾರು ಮಾಡುತ್ತಾರೆ? ಎಂಥ ಗಟ್ಟಿಗಿತ್ತಿಯಾದರೂ ಹೆತ್ತ ಮಗುವನ್ನು ಪಣಕ್ಕಿಟ್ಟು ಪಲ್ಯ ಮಾಡುವುದಿಲ್ಲ.

ನಿಮ್ಮ ತಾತ ಇದ್ದಾಗ ಇದು ನಮಗೆ ತಮಾಷೆಯ ವಿಷಯವಾಗಿತ್ತು. ಹಿತ್ತಲ ತಿಪ್ಪೆಯಲ್ಲಿ ಯಾರೂ ಹಾಕದೆ ಹುಟ್ಟಿದ ಕುಂಬಳದ ಬಳ್ಳಿ ಪ್ರತಿ ಮಳೆಗಾಲ ಹಂಚಿನ ಮೇಲೆ ಹತ್ತುತ್ತಿತ್ತು. ಕಾಯಿ ಇಳಿಸಿ ತಂದರೆ ಅವರು ಜಗಲಿಯಿಂದ ಏಳುತ್ತಲೂ ಇರಲಿಲ್ಲ. ಎರಡು ಪಾದದ ನಡುವೆ ಕಾಯಿ ಇಟ್ಟುಕೊಂಡು ಒಂದೇ ಏಟು. "ಕಲ್ಲೊಡಿ ಅಂದ್ರ ಒಡ್ದೀಯ, ಕುಂಬಳಕಾಯಿಗ ಮಾತ್ರ ನಾನೇ ಬೇಕಾ ನಿಂಗ?" ಎಂದು ರೇಗಿಸುತ್ತಿದ್ದರು. ನನ್ನ ಮಗಳು, ಆಗಿನ್ನೂ ನಾಲ್ಕೈದು ವರ್ಷದ ನಿಮ್ಮಮ್ಮ, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಕಾಯಿ ಬಾಯಿಬಿಡುವುದನ್ನೇ ಕಾದು, ಬೀಜ ತೆಗೆಯಲು ಕೈ ಹಾಕುತ್ತಿದ್ದಳು. ಅವಳಿಗೆ ಕುಂಬಳಕಾಯಿ ಎಂದರೆ ಪ್ರಾಣ. ಬೆಲ್ಲ, ಕಾಯಿತುರಿ, ಒಣಮೆಣಸಿನಕಾಯಿ ಹಾಕಿದ ಪಲ್ಯವನ್ನು ಅನ್ನಕ್ಕೆ ಕಲಸದೆ ಬರಿದೇ ತಿನ್ನುತ್ತಿದ್ದಳು.

ಅವಳಿಗೆ ಆರು ವರ್ಷವಿದ್ದಾಗ ಅವರು ಹೋದರು. ಎದೆ ಹಿಡಿದುಕೊಂಡಿತು ಎಂದು ಹೊಲದ ಬದುವಿನ ಮೇಲೆ ಕೂತವರು ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ. ಆಮೇಲೆ ನಾನು ಸೌದೆ ಒಡೆದೆ, ಅರಿಶಿನ ಅಗೆದೆ, ಬೇರೆಯವರ ಕಬ್ಬಿನ ಗದ್ದೆಯಲ್ಲಿ ಗಂಡಸರ ಸಮಕ್ಕೆ ಮಚ್ಚು ಬೀಸಿದೆ. ಯಾರೂ ಬೇಡ ಎನ್ನಲಿಲ್ಲ. ಕಬ್ಬು ಕಡಿಯುವ ಹೆಂಗಸಿನ ಮಕ್ಕಳಿಗೆ ಕೇಡು ಎಂದು ಯಾವ ಗದ್ದೆಯವರೂ ಹೇಳಲಿಲ್ಲ.

ಆ ವರ್ಷದ ಪಕ್ಷದ ಹಬ್ಬಕ್ಕೆ ಅವರ ಹೆಸರಿನಲ್ಲಿ ಎಡೆ ಇಡಬೇಕು. ಹಿರಿಯರ ಎಡೆಗೆ ಕುಂಬಳಕಾಯಿ ಪಲ್ಯ ಇಲ್ಲದಿದ್ದರೆ ಆಗದು. ಅವರ ತಮ್ಮ, ಅಂದರೆ ನನ್ನ ಮೈದುನ, ಪಕ್ಕದ ಮನೆಯಲ್ಲೇ ಇದ್ದ. ಎರಡು ಮನೆಗೂ ನಡುವೆ ಒಂದೇ ಗೋಡೆ. ನಿಮ್ಮಮ್ಮನನ್ನು ಕಳಿಸಿ ಕರೆಸಿದೆ. ಬಂದ, ಒಂದು ಏಟು ಹಾಕಿದ, ಹೋದ. ಒಂದು ಲೋಟ ನೀರನ್ನೂ ಕುಡಿಯಲಿಲ್ಲ.

ನಾಲ್ಕು ದಿನ ಕಳೆದು ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದೆ. ಮುಂದೆ ಅವನ ಹೆಂಡತಿ, ನಿಮ್ಮಮ್ಮನ ಚಿಕ್ಕವ್ವ, ಇನ್ನೊಬ್ಬಳ ಜೊತೆ ಮಾತಾಡುತ್ತಿದ್ದಳು. ನಾನು ಹಿಂದೆ ಇದ್ದದ್ದು ಅವಳಿಗೆ ಗೊತ್ತಿತ್ತು ಎಂದೇ ಇವತ್ತಿಗೂ ನನ್ನ ನಂಬಿಕೆ.

"ಇವತ್ತು ಕುಂಬಳಕಾಯಿ ಕುಯ್ಯಕ ಕರ್ದವಳ. ನಾಳ ಇನ್ಯಾತಕ್ ಕರ್ದಳೋ, ಯಾರ್ ಕಂಡರು" ಎಂದಳು. ಇನ್ನೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಬೇರೆಯವಳಾಗಿದ್ದರೆ ಕೊಡ ಕುಕ್ಕಿ ಜಗಳಕ್ಕೆ ನಿಲ್ಲುತ್ತಿದ್ದಳು. ನಾನು ನನ್ನ ಸರದಿ ಬರುವವರೆಗೂ ನಿಂತು, ನೀರು ಹಿಡಿದುಕೊಂಡು ಮನೆಗೆ ಬಂದೆ. ಅವತ್ತಿನಿಂದ ಮೈದುನನನ್ನಾಗಲಿ, ಊರಿನ ಬೇರೆ ಯಾವ ಗಂಡಸನ್ನಾಗಲಿ, ಯಾರ ಮನೆಯ ಗಂಡುಮಗುವನ್ನಾಗಲಿ ಆ ಕೆಲಸಕ್ಕೆ ಕರೆಯಲಿಲ್ಲ. ಮುಂದಿನ ವರ್ಷ ಎಡೆಗೆ ಸೋರೆಕಾಯಿ ಪಲ್ಯ ಇಟ್ಟೆ. ನನ್ನ ಅತ್ತೆ ಆಗ ಎರಡು ಮನೆಗೂ ಸೇರಿದವರು. ಊಟ ಕಿರಿಮಗನ ಮನೆಯಲ್ಲಿ, ಬೈಗುಳ ನಮ್ಮ ಮನೆಯಲ್ಲಿ. ಎಡೆಯನ್ನು ನೋಡಿ, ನನ್ನ ಮಗ ಸತ್ತ ಮೇಲೂ ಹಸಿದುಕೊಂಡೇ ಹೋದ ಎಂದು ಅತ್ತರು.

ನಾನೇ ಕುಯ್ಯಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕುಯ್ಯಲು ಕೂತಿದ್ದೆ. ಒಂದು ಮಧ್ಯಾಹ್ನ ಬಾಗಿಲು ಓರೆ ಮಾಡಿಕೊಂಡು, ಕಾಯಿಯನ್ನು ಮುಂದಿಟ್ಟುಕೊಂಡು, ಮಚ್ಚು ಎತ್ತಿದೆ. ಅಷ್ಟು ಹೊತ್ತಿಗೆ ಶಾಲೆಯಿಂದ ನಿಮ್ಮಮ್ಮ ಓಡಿಬಂದಳು, ಹೊಸ್ತಿಲು ಎಡವಿ ಬಿದ್ದಳು. ಹೆಬ್ಬೆರಳ ಉಗುರು ಕಿತ್ತು ರಕ್ತ ಬಂತು. ಅವಳು ದಿನವೂ ಎಡವುತ್ತಿದ್ದ ಹೊಸ್ತಿಲೇ ಅದು. ನಡೆದು ಬರುವುದು ಅವಳಿಗೆ ಗೊತ್ತೇ ಇರಲಿಲ್ಲ. ಇದೆಲ್ಲ ನನಗೆ ಆಗಲೂ ತಿಳಿದಿತ್ತು. ಆದರೂ ಮಚ್ಚನ್ನು ಅಟ್ಟದ ಮೇಲೆ ಎಸೆದು, ಅವಳ ಬೆರಳಿಗೆ ಅರಿಶಿನ ಒತ್ತಿ, ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ನನಗೆ ಚೊಚ್ಚಲೂ ಅವಳೇ, ಕೊನೆಯವಳೂ ಅವಳೇ. ಅವಳಿಗೆ ಇಷ್ಟವಾದದ್ದನ್ನು ಮಾಡಿಹಾಕಬೇಕಾದರೆ ಅವಳನ್ನೇ ಪಣಕ್ಕಿಡಬೇಕಿತ್ತು.

ಈ ಕಟ್ಟಳೆ ಮಾಡಿದವರು ಯಾರೋ, ಹೆಂಗಸಿನ ಜೀವ ಎಲ್ಲಿರುತ್ತದೆ ಎಂದು ಚೆನ್ನಾಗಿ ಬಲ್ಲವರು. ಕುಯ್ದರೆ ನಿನ್ನ ಕೈ ಬಿದ್ದುಹೋಗುತ್ತದೆ ಎಂದಿದ್ದರೆ ನಾನು ಮಾರನೆಯ ದಿನವೇ ಕುಯ್ಯುತ್ತಿದ್ದೆ.

ಬಳ್ಳಿಗೆ ಇದೇನು ಗೊತ್ತು? ಅದು ಮತ್ತೆ ಹುಟ್ಟಿತು, ಮತ್ತೆ ಕಾಯಿಬಿಟ್ಟಿತು. ಇಡೀ ಕಾಯಿಗಳನ್ನೇ ಕೇಳಿದವರಿಗೆ ಕೊಟ್ಟೆ. ದೊಡ್ಡದೊಂದನ್ನು ಮೈದುನನ ಮನೆಯವರೂ ತರಿಸಿಕೊಂಡರು. ಅವತ್ತು ಒಗ್ಗರಣೆಯ ವಾಸನೆ ಗೋಡೆ ದಾಟಿ ಬಂತು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನಿಮ್ಮಮ್ಮ ಮನೆಯಲ್ಲಿಲ್ಲ. ಆಮೇಲೆ ಬೆರಳು ನೆಕ್ಕುತ್ತಾ ಬಂದಳು. ಚಿಕ್ಕವ್ವ ಎಲೆ ತುಂಬ ಪಲ್ಯ ಹಾಕಿದರು ಎಂದಳು. ಮಕ್ಕಳು ಎಲ್ಲವನ್ನೂ ಹೇಳುತ್ತಾರಲ್ಲ, ಹಾಗೆ ಚಿಕ್ಕವ್ವ ಆಡಿದ ಮಾತನ್ನೂ ಒಪ್ಪಿಸಿದಳು.

"ನಿಮ್ಮನೇಲಿ ಕುಯ್ಯ ಗಂಡುಸ್ರಿಲ್ವಲ್ಲ, ವಟ್ಟ ತುಂಬ ತಿನ್ಕೊ ಕಣಮ್ಮಿ ಅಂದ್ರು ಕಣವ್ವ."

ಅವಳ ಮುಖದಲ್ಲಿ ಬೇಸರವಿರಲಿಲ್ಲ. ತಿಂದ ಸಂತೋಷವಿತ್ತು. ನಾನು ಹಿತ್ತಲಿಗೆ ಹೋಗಿ, ಹೂ ಹಿಡಿದು ನಿಂತಿದ್ದ ಬಳ್ಳಿಯನ್ನು ಬುಡಸಮೇತ ಕಿತ್ತು ಹಸುವಿನ ಮುಂದೆ ಹಾಕಿದೆ. ಫಲಕ್ಕೆ ನಿಂತ ಬಳ್ಳಿಯನ್ನು ಕೀಳುತ್ತಾರೇನಮ್ಮಿ, ನಿನಗೇನು ಬಂತು ಎಂದು ಅತ್ತೆ ಕೂಗಿದರು. ಮುಂದೆ ಪ್ರತಿ ಮಳೆಗಾಲ ತಿಪ್ಪೆಯಲ್ಲಿ ಕುಂಬಳದ ಮೊಳಕೆ ಕಂಡರೆ ಎರಡೆಲೆ ಇದ್ದಾಗಲೇ ಚಿವುಟುತ್ತಿದ್ದೆ. ನಿಮ್ಮಮ್ಮ ಓದಿ, ಮೇಷ್ಟರ ಕೆಲಸ ಹಿಡಿದು, ಮದುವೆಯಾಗಿ, ನನ್ನನ್ನು ಇಲ್ಲಿ ಚಾಮರಾಜನಗರಕ್ಕೆ ಕರೆತರುವವರೆಗೂ ನಮ್ಮ ಮನೆಯಲ್ಲಿ ಕುಂಬಳಕಾಯಿ ಬೇಯಲಿಲ್ಲ.

ಭಾನುವಾರ ನಾನು ಹಿತ್ತಲಿನಿಂದ ಒಳಗೆ ಬಂದಾಗ ಕಾಯಿ ಎರಡು ಹೋಳಾಗಿ ಇಡ್ಲಿ ಪಾತ್ರೆಯಲ್ಲಿ ಬೇಯುತ್ತಿತ್ತು. ಬೆಂದ ಮೇಲೆ ಚಂದನ ಫೋರ್ಕಿನಿಂದ ಕೆರೆದಳು. ನಿಜವಾಗಿಯೂ ಶಾವಿಗೆಯೇ ಬಂತು. ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ನಿಂಬೆಹಣ್ಣು ಹಿಂಡಿ ಶಾವಿಗೆ ಉಪ್ಪಿಟ್ಟಿನ ಹಾಗೆ ಮಾಡಿದಿರಿ. ಚೆನ್ನಾಗಿತ್ತು. ಶಾವಿಗೆಗಿಂತ ನೀರು ಹೆಚ್ಚು, ಕುಂಬಳಕ್ಕಿಂತ ಸಿಹಿ ಕಡಿಮೆ.

ತಿನ್ನುತ್ತಾ ನಿಮ್ಮಮ್ಮ ನಿಮಗೆ ಕಥೆ ಹೇಳಿದಳು. ನಮ್ಮ ಚಿಕ್ಕವ್ವ ಮಾಡುತ್ತಿದ್ದ ಕುಂಬಳಕಾಯಿ ಪಲ್ಯದ ರುಚಿ ಇನ್ನೆಲ್ಲೂ ಸಿಕ್ಕಿಲ್ಲ, ನಮ್ಮವ್ವನಿಗೆ ಕುಂಬಳಕಾಯಿ ಆಗುತ್ತಿರಲಿಲ್ಲ, ಅದಕ್ಕೇ ಪಾಪ ಚಿಕ್ಕವ್ವ ನನಗೆ ಕರೆದು ಕೊಡುತ್ತಿದ್ದರು ಎಂದಳು. ಎಂಥಾ ಒಳ್ಳೆಯ ಚಿಕ್ಕಜ್ಜಿ ಎಂದು ಮನು ಹೇಳಿದ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನಿಮ್ಮಮ್ಮ ಅವಳಿಗೊಂದು ಸೀರೆ ಒಯ್ಯುವುದು ಯಾಕೆಂದು ನನಗೆ ಅವತ್ತು ತಿಳಿಯಿತು. ನೀವಿಬ್ಬರೂ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋದಿರಿ. ಆಮೇಲೆ ನಡೆದ ಮಾತು ನಿಮಗೆ ಕೇಳಿಸಿಲ್ಲ.

"ನಂಗೆ ಕುಂಬಳಕಾಯಿ ಯಾವಾಗ್ಲೂ ಆಗ್ತಿತ್ತು ಕಣವ್ವ" ಎಂದೆ.

"ಮತ್ತ್ಯಾಕೆ ಮಾಡ್ತಿರ್ಲಿಲ್ಲ?"

"ಕುಯ್ಯಕ್ಕೆ ಯಾರಿದ್ರು?"

ಅವಳು ಪಾತ್ರೆಗೆ ಸೌಟು ಹಾಕಿದಳು. "ಚಿಕ್ಕಪ್ಪನ್ನ ಕರ್ದಿದ್ರೆ ಬರ್ತಿರ್ಲಿಲ್ವಾ? ಬಾಯ್ಬಿಟ್ಟು ಒಂದ್ ಮಾತು ಕೇಳಕ್ಕಾಗ್ಲಿಲ್ವಾ ಅವ್ವ ನಿಂಗೆ?"

"ಬರ್ತಿದ್ರು" ಎಂದೆ.

ಅವಳ ಬಾಯಲ್ಲಿ ಇಷ್ಟು ವರ್ಷ ಉಳಿದುಕೊಂಡ ಒಂದು ರುಚಿಯನ್ನು ಈ ವಯಸ್ಸಿನಲ್ಲಿ ನಾನು ಕಹಿ ಮಾಡಲೇ? ಇನ್ನೊಂದು ಸೌಟು ಹಾಕಿದಳು. ಹಾಕಿಸಿಕೊಂಡು ತಿಂದೆ.

ಚಂದನ, ನಿಮ್ಮಮ್ಮನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ನಿನ್ನನ್ನು ಬಿಟ್ಟು ತಮ್ಮನನ್ನು ಕರೆದಾಗ ನಿನ್ನ ಮುಖ ಸಣ್ಣಗಾದದ್ದನ್ನು ನೋಡಿದೆ. ನಿಮ್ಮಮ್ಮನ ಚೊಚ್ಚಲು ನೀನು. ಅವಳು ಚಾಕು ಹಿಂದಕ್ಕೆ ತೆಗೆದದ್ದು ನಿನಗೆ ಏನೂ ಆಗದಿರಲಿ ಎಂದು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹೆಂಗಸು ಅವಳು. ಕೇಳಿದರೆ ಇದನ್ನೆಲ್ಲ ನಂಬುವುದಿಲ್ಲ ಎಂದೇ ಹೇಳುತ್ತಾಳೆ. ನಾನೂ ನಂಬುವುದಿಲ್ಲ.

ನಿನ್ನೆ ನೀವೆಲ್ಲ ಹೊರಗೆ ಹೋದ ಮೇಲೆ ಗಾಡಿಯವನ ಹತ್ತಿರ ಒಂದು ಸಣ್ಣ ಕುಂಬಳಕಾಯಿ ತೆಗೆದುಕೊಂಡೆ. ಬಾಗಿಲು ಹಾಕಿ, ಚಾಕು ಹಿಡಿದು ಕೂತೆ. ಇಷ್ಟು ವಯಸ್ಸಾಯಿತು, ಇನ್ನು ಯಾರ ಹೆದರಿಕೆ ಎಂದುಕೊಂಡೆ. ಅಷ್ಟರಲ್ಲಿ ನಿಮ್ಮಮ್ಮ ಸ್ಕೂಟರಿನಲ್ಲಿ ಶಾಲೆಗೆ ಹೋಗುವ ಹೆದ್ದಾರಿ, ಅಲ್ಲಿ ಓಡಾಡುವ ಲಾರಿಗಳು ಕಣ್ಣಿಗೆ ಬಂದವು. ಚಾಕು ಇಳಿಯಲಿಲ್ಲ. ಅವಳು ಸಂಜೆ ಬಂದು ಗೇಟು ತೆಗೆದ ಸದ್ದು ಕೇಳುವವರೆಗೂ ಕಿಟಕಿಯ ಹತ್ತಿರವೇ ಕೂತಿದ್ದೆ.

ಕಾಯಿ ಅಕ್ಕಿ ಡಬ್ಬದ ಹಿಂದೆ ಇಡಿಯಾಗಿಯೇ ಇದೆ. ನನ್ನಿಂದ ಆಗುವುದಿಲ್ಲ, ನಿಮ್ಮಮ್ಮನಿಂದಲೂ ಆಗುವುದಿಲ್ಲ. ಚಂದನ, ನಿನಗೆ ಇನ್ನೂ ಮದುವೆಯಿಲ್ಲ, ಮಕ್ಕಳಿಲ್ಲ. ಹೆದರಿಕೆ ಹುಟ್ಟುವ ಮೊದಲೇ ಕುಯ್ದುಬಿಡು.